ಬೆಟ್ಟದ ಬುಡ ನೋಡಿ ಆರಿಸಿ

ತಂಗ್‌ಮಾರ್ಗದ ಟ್ಯಾಕ್ಸಿ ಸ್ಟ್ಯಾಂಡು, ಫೆಬ್ರವರಿಯ ಬೆಳಗಿನ ಎಂಟೂವರೆ. ಶ್ರೀನಗರದಿಂದ ನಿಮ್ಮನ್ನು ಕರೆತಂದ ಕಾರು ಇಲ್ಲಿಗೇ ನಿಂತಿದೆ. ಗುಲ್ಮಾರ್ಗದವರೆಗಿನ 13 ಕಿಲೊಮೀಟರ್ ಏರುದಾರಿಗೆ ಚಕ್ರಕ್ಕೆ ಸರಪಳಿ ಬಿಗಿದ ಗಾಡಿಯೇ ಆಗಬೇಕು. ಫೆರನ್ ತೊಟ್ಟ ಡ್ರೈವರ್ ಹಿಮದ ಮೇಲೆ ಮಂಡಿಯೂರಿ ಟೈರಿನ ಮುಂದೆ ಸರಪಳಿ ಹಾಸುತ್ತಾನೆ, ಇನ್ನೊಬ್ಬ ಗಾಡಿಯನ್ನು ಒಂದಡಿ ಮುಂದಕ್ಕೆ ಬಿಡುತ್ತಾನೆ, ಇವನು ಎರಡು ತುದಿ ಎಳೆದು ಕೊಂಡಿ ಸಿಕ್ಕಿಸುತ್ತಾನೆ. ಕೈಗೆ ಗ್ಲೌಸಿಲ್ಲ. ಬೆರಳುಗಳು ಕೆಂಪೇರಿವೆ. ಕೊಂಡಿ ಕೂತ ಕೂಡಲೇ ಎರಡೂ ಕೈ ಫೆರನ್ ಒಳಗೆ ಹೋಗುತ್ತವೆ. ಅಲ್ಲಿ ಹೊಟ್ಟೆಯ ಹತ್ತಿರ ಕೆಂಡ ತುಂಬಿದ ಕಾಂಗ್ಡಿ ಇದೆ.

ಗಾಡಿ ಹೊರಟಿತು. ಸರಪಳಿ ಗಡಗಡ ಎನ್ನುತ್ತಿದೆ, ಎರಡೂ ಕಡೆ ದೇವದಾರು ಮತ್ತು ಪೈನ್ ಮರಗಳು ಹಿಮ ಹೊತ್ತು ಬಾಗಿವೆ, ತಿರುವಿಗೊಬ್ಬ ಮಂಕಿ ಟೋಪಿ ಹಾಕಿದ ಸೈನಿಕ. ಹಿಂದಿನ ಸೀಟಿನಲ್ಲಿ ಗಂಡ, ಹೆಂಡತಿ, ಹೈಸ್ಕೂಲಿನ ವಯಸ್ಸಿನ ಮಗ. ನೀವು ಫೋನಿನಲ್ಲಿ ಎರಡು ಮಾತಾಡಿದ್ದೇ ತಡ, ಹಿಂದಿನಿಂದ ದನಿ ಬರುತ್ತದೆ: "ನೀವೂ ನಮ್ಮ ಕಡೆಯವ್ರೇನ್ರೀ?" ಅವರು ಧಾರವಾಡದವರು. ಹೋದ ಚಳಿಗಾಲ ಔಲಿಗೆ ಹೋಗಿದ್ದರಂತೆ, ಈ ಸಲ ಇಲ್ಲಿಗೆ.

"ಯಾವುದು ಛಲೋ ಅನ್ನಿಸ್ತ್ರೀ?" ಎಂದು ನೀವೂ ಅವರ ಧಾಟಿಯಲ್ಲೇ ಕೇಳುತ್ತೀರಿ.

"ಅದನ್ನ ಇವತ್ತ ಸಂಜೀಕ ಹೇಳ್ತೀನ್ರೀ. ಇಲ್ಲಿ ಇಳಿಜಾರ ಇನ್ನೂ ನೋಡಿಲ್ಲಲ್ಲ."

ಈ ಮನುಷ್ಯ ಸರಿಯಾದ ಜಾಗದಿಂದ ಶುರುಮಾಡುತ್ತಿದ್ದಾರೆ. ನಿಮ್ಮ ಮೇಲೂ ಅಂಥದ್ದೇ ಒಂದು ಕೆಲಸ ಬಿದ್ದಿದೆ. ಮುಂದಿನ ಚಳಿಗಾಲಕ್ಕೆ ಮನೆಮಂದಿಯೆಲ್ಲ ಹಿಮದ ಊರಿಗೆ ಹೋಗಬೇಕು, ಮಕ್ಕಳು ಸ್ಕೀ ಕಲಿಯಬೇಕು ಎಂದು ಮೈಸೂರಿನಲ್ಲಿ ಅಕ್ಕ ತೀರ್ಮಾನಿಸಿದ್ದಾಳೆ. ಹೋಗುವವರಲ್ಲಿ ಮಂಡಿ ನೋವಿನ ಅಪ್ಪ ಇದ್ದಾರೆ, ಹತ್ತು ಮತ್ತು ಹದಿಮೂರರ ಇಬ್ಬರು ಮಕ್ಕಳಿದ್ದಾರೆ, ಅತಿ ಎತ್ತರದಿಂದ ಇಳಿಯಬೇಕೆಂದು ಹಟ ಹಿಡಿದ ಚಿಕ್ಕಪ್ಪನ ಮಗನಿದ್ದಾನೆ. ಯಾವ ಊರು, ಯಾವ ವಾರ, ಎಷ್ಟು ದಿನ ಎಂಬುದನ್ನು ನೀವು ನೋಡಿ ಬಂದು ಹೇಳಬೇಕು. ಔಲಿ, ಸೋಲಂಗ್, ನಾರ್ಕಂಡ, ಗುಲ್ಮಾರ್ಗ ಎಂದು ನಿಮ್ಮ ಪಟ್ಟಿಯಲ್ಲಿದೆ. ಪ್ರತಿ ಹೆಸರಿನ ಮುಂದೆ ಎತ್ತರ, ರೋಪ್‌ವೇ, ಹೋಟೆಲು, ನೋಟ. ಕಲಿಯುವವನು ನಿಲ್ಲುವ ಇಳಿಜಾರು ಹೇಗಿದೆ ಎಂಬ ಕಾಲಮ್ಮು ಮಾತ್ರ ಆ ಪಟ್ಟಿಯಲ್ಲಿಲ್ಲ. ಹೊರಡುವ ಮುನ್ನ ಯಾರೂ ಅದನ್ನು ಕೇಳುವುದಿಲ್ಲ, ಹೋದಮೇಲೆ ಅದೊಂದೇ ಲೆಕ್ಕಕ್ಕೆ ಬರುತ್ತದೆ.

ಕೊನೆಯ ತಿರುವು ದಾಟಿದ್ದೇ ಕಾಡು ಪಕ್ಕಕ್ಕೆ ಸರಿದು ಬೆಳ್ಳನೆಯ ಬಟ್ಟಲೊಂದು ತೆರೆದುಕೊಳ್ಳುತ್ತದೆ. ಬೇಸಿಗೆಯಲ್ಲಿ ಇದು ಹುಲ್ಲುಗಾವಲು ಮತ್ತು ಗಾಲ್ಫ್ ಮೈದಾನ. ಸುತ್ತ ಮರಗಳ ಅಂಚು, ದಿಬ್ಬದ ಮೇಲೆ ಮಹಾರಾಣಿ ಕಟ್ಟಿಸಿದ್ದ ಶಿವಾಲಯದ ಜಾಗ, ಇನ್ನೊಂದು ಕಡೆ ಬ್ರಿಟಿಷರ ಕಾಲದ ಸೇಂಟ್ ಮೇರಿ ಚರ್ಚು, ಹಿಂದೆ ಇಡೀ ಆಕಾಶಕ್ಕೆ ಅಡ್ಡ ನಿಂತ ಅಫರ್ವತ್ ಬೆಟ್ಟ. ಮೈದಾನವೇ ಸಮುದ್ರ ಮಟ್ಟದಿಂದ ಸುಮಾರು 2,650 ಮೀಟರ್ ಎತ್ತರದಲ್ಲಿದೆ. ನಮ್ಮ ನಾಡಿನ ಅತಿ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್ ಆಸುಪಾಸು. ಅದರ ನೆತ್ತಿಗಿಂತ 700 ಮೀಟರ್ ಮೇಲೆ ಇಲ್ಲಿಯ ಅಂಗಳ. ಹೋಟೆಲಿನ ಮೆಟ್ಟಿಲು ಹತ್ತುವಷ್ಟರಲ್ಲೇ ಏದುಸಿರು ಬರುತ್ತದೆ. ಅವಸರ ಮಾಡಬಾರದು ಎಂದು ದೇಹ ಹೇಳುವ ರೀತಿ ಅದು.

ಗಾಡಿಯಿಂದ ಇಳಿಯುವ ಮೊದಲೇ ಸ್ಲೆಡ್ಜ್ ಎಳೆಯುವವರು ಸುತ್ತುವರಿಯುತ್ತಾರೆ. "ಸಾಬ್, ಸ್ಲೆಡ್ಜ್?" "ಸಾಬ್, ಪೋನಿ?" "ಗಮ್ ಬೂಟ್, ಸಾಬ್?" ಗದ್ದಲಕ್ಕೆ ಮುಖ ಸಿಂಡರಿಸಬೇಡಿ. ಈ ಊರಿನ ಹೊಟ್ಟೆಪಾಡು ಹಿಮದ ಕೆಲವೇ ವಾರಗಳನ್ನು ನೆಚ್ಚಿಕೊಂಡಿದೆ. ಬೇಕಾದುದಕ್ಕೆ ಮೊದಲೇ ದರ ಮಾತಾಡಿ, ಬೇಡವಾದುದಕ್ಕೆ ಒಮ್ಮೆ ಸ್ಪಷ್ಟವಾಗಿ ಬೇಡ ಎನ್ನಿ.

ಸ್ಕೀ ಬಾಡಿಗೆ ಅಂಗಡಿ ತಗಡಿನ ಮಾಡಿನ ಒಂದು ಉದ್ದ ಕೋಣೆ. ಗೋಡೆಗೆ ಒರಗಿಸಿದ ಸ್ಕೀಗಳು, ನೆಲದ ತುಂಬ ಬೂಟು, ಮೂಲೆಯಲ್ಲಿ ಉರಿಯುವ ಬುಖಾರಿ ಒಲೆ, ಸ್ಕೀ ತಳಕ್ಕೆ ಸವರಿದ ಮೇಣ ಕರಗಿದ ವಾಸನೆ. ಚಳಿಗೆಂದು ನೀವು ಎರಡು ಜೊತೆ ಕಾಲುಚೀಲ ಹಾಕಿದ್ದೀರಿ. ಅಂಗಡಿಯವನು ಒಂದನ್ನು ತೆಗೆಸುತ್ತಾನೆ. ಎರಡು ಪದರವಿದ್ದರೆ ಪಾದ ಬೂಟಿನೊಳಗೆ ಜಾರುತ್ತದೆ, ರಕ್ತ ಸಂಚಾರ ತಗ್ಗಿ ಬೆರಳು ಇನ್ನಷ್ಟು ತಣ್ಣಗಾಗುತ್ತವೆ. ತೆಳ್ಳಗಿನ, ಮಂಡಿಯ ಹತ್ತಿರಕ್ಕೆ ಬರುವ ಒಂದೇ ಕಾಲುಚೀಲ ಸಾಕು. ಬೂಟಿನ ಹೊರ ಚಿಪ್ಪು ಗಟ್ಟಿ ಪ್ಲಾಸ್ಟಿಕ್, ಒಳಗೆ ಮೆತ್ತನೆಯ ಇನ್ನೊಂದು ಬೂಟು. ನಾಲ್ಕು ಬಕಲ್. ನೆಟ್ಟಗೆ ನಿಂತಾಗ ಹೆಬ್ಬೆರಳು ಮುಂಭಾಗಕ್ಕೆ ಮೆಲ್ಲಗೆ ತಾಗಬೇಕು. ಮಂಡಿ ಬಗ್ಗಿಸಿ ಮುಂದಕ್ಕೆ ಒತ್ತಿದಾಗ ಬೆರಳು ಹಿಂದಕ್ಕೆ ಸರಿಯಬೇಕು. ಹಿಮ್ಮಡಿ ಮಾತ್ರ ಎಳ್ಳಷ್ಟೂ ಮೇಲೇಳಬಾರದು. ಮೂರು ಜೊತೆ ಹಾಕಿ ನೋಡಿದ ಮೇಲೆ ನಾಲ್ಕನೆಯದು ಕೂರುತ್ತದೆ. ಅಷ್ಟು ಹೊತ್ತು ಅಂಗಡಿಯ ಆ ಹುಡುಗ ನೆಲದ ಮೇಲೆ ಕೂತು ಬಕಲ್ ಬಿಚ್ಚಿ ಹಾಕುತ್ತ ಒಮ್ಮೆಯೂ ಅವಸರ ಮಾಡುವುದಿಲ್ಲ.

ಸ್ಕೀ ನಿಮ್ಮ ಗದ್ದದವರೆಗೆ ಬಂದರೆ ಸಾಕು. ಉದ್ದ ಹೆಚ್ಚಿದಷ್ಟೂ ವೇಗ ಹೆಚ್ಚು, ತಿರುಗಿಸುವುದು ಕಷ್ಟ. ಆಮೇಲೆ ಅವನು ನಿಮ್ಮ ತೂಕ ಕೇಳುತ್ತಾನೆ, ಎತ್ತರ ಕೇಳುತ್ತಾನೆ, ಹಿಂದೆ ಎಂದಾದರೂ ಆಡಿದ್ದೀರಾ ಎಂದು ಕೇಳುತ್ತಾನೆ. ಸ್ಕ್ರೂಡ್ರೈವರ್ ತೆಗೆದು ಬೈಂಡಿಂಗಿನ ಪುಟ್ಟ ಕಿಂಡಿಯಲ್ಲಿ ಕಾಣುವ ಅಂಕಿಯನ್ನು ತಿರುಗಿಸಿ ಇಳಿಸುತ್ತಾನೆ. ಬೂಟನ್ನು ಸ್ಕೀಗೆ ಕಚ್ಚಿ ಹಿಡಿಯುವ ಭಾಗವೇ ಈ ಬೈಂಡಿಂಗ್. ಬಿದ್ದಾಗ ಅದು ತಾನಾಗಿ ಕಳಚಿಕೊಳ್ಳಬೇಕು. ಕಳಚದಿದ್ದರೆ ಅಷ್ಟುದ್ದದ ಪಟ್ಟಿ ಒಂದು ಕಡೆ ತಿರುಗಿ, ಮಂಡಿ ಇನ್ನೊಂದು ಕಡೆ ತಿರುಚುತ್ತದೆ. ಅಕ್ಕನಿಗೆ ಹೇಳಬೇಕಾದ ಮೊದಲ ಮಾತು ಇಲ್ಲೇ ಸಿಕ್ಕಿತು: ಮಕ್ಕಳ ತೂಕ ಕೇಳದೆ ಸ್ಕೀ ಕೈಗಿಡುವ ಅಂಗಡಿಗೆ ಕಾಲಿಡಬೇಡ.

ಬಟ್ಟಲಿನ ಅಂಚಿನಲ್ಲಿ ಕಲಿಯುವವರ ಇಳಿಜಾರು. ದೂರದಿಂದ ಅದು ಇಳಿಜಾರೇ ಅಲ್ಲ ಎನಿಸುತ್ತದೆ. ಸ್ಕೀ ಕಟ್ಟಿಕೊಂಡು ಮೇಲೆ ನಿಂತಾಗ ಅದೇ ನೆಲ ಪ್ರಪಾತವಾಗುತ್ತದೆ. ನಿಮಗೆ ಕಲಿಸುವ ಉಸ್ತಾದ್ ಕೆಳಗಿನ ಹಳ್ಳಿಯವರು, ನಲವತ್ತರ ಆಸುಪಾಸು, ಬಿಸಿಲಿಗೆ ಕಪ್ಪಾದ ಮುಖದಲ್ಲಿ ಕನ್ನಡಕದ ಗುರುತು ಮಾತ್ರ ಬೆಳ್ಳಗೆ. ತಂದೆ ಸ್ಲೆಡ್ಜ್ ಎಳೆಯುತ್ತಿದ್ದರಂತೆ. ಇವರು ಹುಡುಗನಾಗಿದ್ದಾಗ ಪ್ರವಾಸಿಗರು ಬಿಟ್ಟುಹೋದ ಹಳೆ ಸ್ಕೀಯಲ್ಲಿ ಕಲಿತರಂತೆ.

"ಜನಾಬ್, ಮೊದಲು ಬೀಳಿ," ಎನ್ನುತ್ತಾರೆ ಹಿಂದಿಯಲ್ಲಿ.

ಬೀಳುವುದೇ ಮೊದಲ ಪಾಠ. ಹಿಂದಕ್ಕೆ ಬೀಳಬಾರದು, ಕೈಯೂರಬಾರದು, ಪಕ್ಕಕ್ಕೆ, ಬೆಟ್ಟದ ಕಡೆಗೆ, ಸೊಂಟದ ಮೇಲೆ. ಏಳುವಾಗ ಎರಡೂ ಸ್ಕೀಯನ್ನು ಇಳಿಜಾರಿಗೆ ಅಡ್ಡ ಇಡಬೇಕು. ನೀರು ಸುರಿದರೆ ಯಾವ ದಿಕ್ಕಿಗೆ ಹರಿಯುತ್ತದೋ ಆ ದಿಕ್ಕಿಗೆ ಸ್ಕೀ ಮೂತಿ ಮಾಡಿತೋ, ನೀವು ಏಳುವ ಮೊದಲೇ ಅದು ಹೊರಟಿರುತ್ತದೆ. ನೀವು ಬೀಳುತ್ತೀರಿ, ಏಳುತ್ತೀರಿ, ಮತ್ತೆ ಬೀಳುತ್ತೀರಿ. ಜಾಕೆಟ್ಟಿನ ಒಳಗೆ ಬೆವರು. ಹತ್ತು ಗಂಟೆಯ ಬಿಸಿಲು ಹಿಮದಿಂದ ಎದ್ದು ಗದ್ದದ ಕೆಳಗಿನಿಂದಲೂ ಸುಡುತ್ತದೆ. ಹೊಸ ಹಿಮ ತನ್ನ ಮೇಲೆ ಬಿದ್ದ ನೇರಳಾತೀತ ಕಿರಣಗಳ ಬಹುಪಾಲನ್ನು ಹಿಂದಕ್ಕೆ ಎರಚುತ್ತದೆ. ಕಪ್ಪು ಕನ್ನಡಕ ಮತ್ತು ಸನ್‌ಸ್ಕ್ರೀನ್ ಇಲ್ಲದೆ ಇಲ್ಲಿ ಅರ್ಧ ದಿನವೂ ನಿಲ್ಲಬಾರದು.

ಆಮೇಲೆ ಬ್ರೇಕು. ಸ್ಕೀಗಳ ಮೂತಿ ಹತ್ತಿರ, ಹಿಂಭಾಗ ಅಗಲ, ಹಿಮ್ಮಡಿಯಿಂದ ಹೊರಕ್ಕೆ ಒತ್ತು. ಇಲ್ಲಿಯ ಮಕ್ಕಳು ಇದನ್ನು ಪಿಜ್ಜಾ ಎನ್ನುತ್ತಾರೆ, ತುಂಡಿನ ಆಕಾರಕ್ಕೆ. ಹೆದರಿಕೆಯಾದಾಗ ಮೈ ಹಿಂದಕ್ಕೆ ವಾಲುತ್ತದೆ, ಅದು ಮನುಷ್ಯನ ಸ್ವಭಾವ. ಹಿಂದಕ್ಕೆ ವಾಲಿದರೆ ಸ್ಕೀ ಮೂತಿಯ ಮೇಲಿನ ಭಾರ ಹೋಗಿ ಹಿಡಿತ ತಪ್ಪುತ್ತದೆ. ಕಣಿವೆಯ ಕಡೆಗೇ ಬಾಗಬೇಕು, ಮೊಣಕಾಲಿನ ಕೆಳಗಿನ ಎಲುಬು ಬೂಟಿನ ನಾಲಗೆಗೆ ಒತ್ತುತ್ತಲೇ ಇರಬೇಕು. "ಆಹಿಸ್ತಾ, ಆಹಿಸ್ತಾ. ಸ್ಕೀ ನೋಡಬೇಡಿ, ನನ್ನ ಮುಖ ನೋಡಿ," ಎನ್ನುತ್ತ ಉಸ್ತಾದ್ ನಿಮ್ಮೆದುರು ಹಿಂದುಹಿಂದಕ್ಕೇ ಜಾರುತ್ತಾರೆ. ನಿಮ್ಮ ಸ್ಕೀ ಸರ್ರನೆ ಸಪ್ಪಳ ಮಾಡುತ್ತ ಹೊರಡುತ್ತದೆ. ಗಾಳಿ ಕಿವಿಗೆ ತಾಗುತ್ತದೆ. ವೇಗ ಏರಿತು, ಒತ್ತುವುದು ಮರೆತುಹೋಯಿತು, ಬಿದ್ದೆ ಎಂದುಕೊಳ್ಳುವಷ್ಟರಲ್ಲಿ ನೆಲ ಸಮತಟ್ಟಾಗಿದೆ, ವೇಗ ತಾನಾಗಿ ಕರಗಿದೆ, ನೀವು ನಿಂತಿದ್ದೀರಿ. ಬಿದ್ದಿಲ್ಲ.

ಇದೇ ಆ ಕಾಲಮ್ಮು. ಕಲಿಯುವವನ ಇಳಿಜಾರು ತನ್ನಿಂದ ತಾನೇ ಮುಗಿಯಬೇಕು. ಕೆಳಗೆ ಬೇಲಿಯಾಗಲಿ, ರಸ್ತೆಯಾಗಲಿ, ಕಂದರವಾಗಲಿ ಇರಬಾರದು. ಬ್ರೇಕು ಮರೆತವನೂ ನಿಲ್ಲುವಂತಿರಬೇಕು. ಗುಲ್ಮಾರ್ಗದ ಬಟ್ಟಲು ಅದನ್ನು ಪ್ರಕೃತಿಯಿಂದಲೇ ಪಡೆದಿದೆ, ಎಲ್ಲ ಅಂಚುಗಳೂ ಮೆಲ್ಲಗೆ ಮೈದಾನಕ್ಕೆ ಬಂದು ಸೇರುತ್ತವೆ. ಸಣ್ಣ ಲಿಫ್ಟುಗಳು ಕಲಿಯುವವರನ್ನು ಮತ್ತೆ ಮೇಲಕ್ಕೆ ಎಳೆದೊಯ್ಯುತ್ತವೆ. ತೊಡೆಗಳ ನಡುವೆ ತಟ್ಟೆ ಸಿಕ್ಕಿಸಿಕೊಂಡು ನಿಲ್ಲಬೇಕು, ಕೂರಲು ಹೋದರೆ ಬೀಳುತ್ತೀರಿ. ಲಿಫ್ಟು ಇದ್ದರೆ ಒಂದು ಬೆಳಗಿನಲ್ಲಿ ಹತ್ತಾರು ಸಲ ಇಳಿಯಬಹುದು. ಇಲ್ಲದಿದ್ದರೆ ಹತ್ತುವುದರಲ್ಲೇ ಹೊತ್ತು ಹೋಗುತ್ತದೆ, ಮಕ್ಕಳು ಎರಡನೆಯ ದಿನಕ್ಕೇ ಬೇಸರಪಡುತ್ತಾರೆ. ಧಾರವಾಡದ ಹುಡುಗ ಅಷ್ಟರಲ್ಲಿ ನಿಮ್ಮನ್ನು ದಾಟಿ ಹೋದ. ಔಲಿಯ ಕಲಿಕೆ ಅವನ ಮಂಡಿಯಲ್ಲಿ ಉಳಿದಿದೆ. ಅವನಮ್ಮ ಕೆಳಗೆ ನಿಂತು "ನಿಧಾನ ಬಾರೋ, ನಿಧಾನ!" ಎಂದು ಕೂಗುತ್ತಿದ್ದಾರೆ.

ಮೈದಾನದ ಆಚೆ ಬದಿಯಲ್ಲಿ ಕೆಲವರು ಸಪೂರ ಸ್ಕೀ ಕಟ್ಟಿಕೊಂಡು, ಹಿಮ್ಮಡಿ ಎತ್ತಿ ಎತ್ತಿ ಸಮತಟ್ಟು ನೆಲದ ಮೇಲೆಯೇ ಓಡುತ್ತಿದ್ದಾರೆ. ಅದು ನಾರ್ಡಿಕ್ ಸ್ಕೀಯಿಂಗ್. ಇಳಿಜಾರಿನ ನೆರವಿಲ್ಲದೆ ಕೈಕಾಲಿನ ಬಲದಿಂದಲೇ ಸಾಗಬೇಕು. ಖೇಲೊ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಇದೇ ಗುಲ್ಮಾರ್ಗದಲ್ಲಿ ಕರ್ನಾಟಕಕ್ಕೆ ಚಿನ್ನ ತಂದುಕೊಟ್ಟವರು ಕೊಡಗಿನ ತೆಕ್ಕಡ ಭವಾನಿ. ಹಿಮವೇ ಬೀಳದ ನಾಡಿನಿಂದ ಬಂದವರು. ಅವರಿಗಿಂತ ಎಷ್ಟೋ ಮೊದಲೇ ಕೊಡಗು ಇಲ್ಲಿಗೆ ಬಂದಿತ್ತು. 1948ರಲ್ಲಿ ಕಾಶ್ಮೀರದ ಯುದ್ಧ ನಡೆಸಿದ 19ನೇ ಡಿವಿಷನ್ನಿನ ದಂಡನಾಯಕರು ಕೆ.ಎಸ್. ತಿಮ್ಮಯ್ಯ. ಹಿಮದಲ್ಲಿ ಕಾದಲು ಸೈನಿಕರಿಗೆ ಸ್ಕೀ ಬರಬೇಕೆಂದು ಅದೇ ವರ್ಷದ ಕೊನೆಗೆ ಆ ಡಿವಿಷನ್ನಿನ ಸ್ಕೀ ಶಾಲೆ ಗುಲ್ಮಾರ್ಗದಲ್ಲಿ ಶುರುವಾಯಿತು. ಇಂದಿನ ಹೈ ಆಲ್ಟಿಟ್ಯೂಡ್ ವಾರ್‌ಫೇರ್ ಸ್ಕೂಲ್ ಅದೇ. ಬ್ರಿಟಿಷರು 1927ರಲ್ಲೇ ಇಲ್ಲಿ ಸ್ಕೀ ಕ್ಲಬ್ ಕಟ್ಟಿಕೊಂಡಿದ್ದರು, ಅದು ಅವರ ವಿನೋದಕ್ಕೆ. ಸೈನ್ಯದ ಶಾಲೆ ಮತ್ತು ಆಮೇಲೆ ಬಂದ ಕೇಂದ್ರ ಪ್ರವಾಸೋದ್ಯಮ ಇಲಾಖೆಯ ಸ್ಕೀ ಸಂಸ್ಥೆ ಈ ಊರಿಗೆ ಕಲಿಸುವ ಪರಂಪರೆಯನ್ನು ಕೊಟ್ಟವು. ಆ ಸಂಸ್ಥೆ ನಡೆಸುವ ಕೋರ್ಸಿನಲ್ಲಿ ಊಟ, ವಸತಿ, ಸಲಕರಣೆ ಎಲ್ಲ ಸೇರಿ ಖಾಸಗಿಗಿಂತ ಕಡಿಮೆ ಖರ್ಚು. ಕಾಲೇಜಿನ ಹುಡುಗ ಹುಡುಗಿಯರಿಗೆ ನಾನು ಕಣ್ಣು ಮುಚ್ಚಿ ಅದನ್ನೇ ಹೇಳುತ್ತೇನೆ.

ಮಧ್ಯಾಹ್ನ ಸ್ಕೀ ಬಿಚ್ಚಿಟ್ಟು ಗೊಂಡೊಲಾದ ಸಾಲಿನಲ್ಲಿ ನಿಲ್ಲುತ್ತೀರಿ. ಚಿಕ್ಕಪ್ಪನ ಮಗನ ಪರವಾಗಿ ಮೇಲಿನದನ್ನೂ ನೋಡಲೇಬೇಕಲ್ಲ. ಆರು ಜನರ ತೊಟ್ಟಿಲು, ಬಾಗಿಲು ತಾನಾಗಿ ಮುಚ್ಚುತ್ತದೆ, ಕೆಳಗೆ ಗುಜ್ಜರರ ಮಣ್ಣಿನ ಗುಡಿಸಲುಗಳು ಹಿಮದಲ್ಲಿ ಕುತ್ತಿಗೆಯವರೆಗೆ ಹೂತಿವೆ. ಮೊದಲ ಹಂತ ಕೊಂಗ್‌ಡೂರಿಯಲ್ಲಿ ಮುಗಿಯುತ್ತದೆ, ಸುಮಾರು 3,080 ಮೀಟರ್. ಅಲ್ಲಿಂದ ಎರಡನೆಯ ಹಂತ ನೇರ ಅಫರ್ವತ್‌ನ ಹೆಗಲಿಗೆ, ಸುಮಾರು 3,950 ಮೀಟರ್. ಈ ಎರಡನೆಯದು 2005ರಲ್ಲಿ ಶುರುವಾದ ಮೇಲೆಯೇ ಗುಲ್ಮಾರ್ಗದ ಹೆಸರು ಜಗತ್ತಿನ ಸ್ಕೀ ಪಟುಗಳ ಬಾಯಲ್ಲಿ ಬಂದದ್ದು. ಗಾಳಿ ಜೋರಾದರೆ, ಹಿಮ ಹೆಚ್ಚಾದರೆ ಅದು ನಿಲ್ಲುತ್ತದೆ, ಕೆಲವೊಮ್ಮೆ ದಿನಗಟ್ಟಲೆ. ಇವತ್ತು ಬೆಳಿಗ್ಗೆಯೆಲ್ಲ ನಿಂತಿತ್ತು, ಈಗ ಬಿಟ್ಟಿದ್ದಾರೆ.

ಮೇಲೆ ಇಳಿದರೆ ಗಾಳಿಗೆ ಕಣ್ಣಲ್ಲಿ ನೀರು. ಬೆಂಗಳೂರಿನ ಗಾಳಿಗೆ ಒಗ್ಗಿದ ಪುಪ್ಪುಸಕ್ಕೆ ಇಲ್ಲಿ ಉಸಿರು ಸಾಲದು, ಹತ್ತು ಹೆಜ್ಜೆಗೆ ಎದೆ ಬಡಿದುಕೊಳ್ಳುತ್ತದೆ. ಉತ್ತರಕ್ಕೆ ಮೋಡದ ಸಾಲಿನ ಮೇಲೆ ಬೆಳ್ಳನೆಯ ರಾಶಿಯೊಂದು ತೇಲುತ್ತಿದೆ: ನಂಗಾ ಪರ್ಬತ್, 8,126 ಮೀಟರ್. ಹಿಂದಿನ ಏಣಿನಾಚೆ ನಿಯಂತ್ರಣ ರೇಖೆ ದೂರವಿಲ್ಲ. ನಿಮ್ಮ ಪಕ್ಕದಲ್ಲಿ ಐದಾರು ಜನ ಸ್ಕೀ ಕಟ್ಟಿಕೊಳ್ಳುತ್ತಿದ್ದಾರೆ. ಒಬ್ಬೊಬ್ಬರೂ ಎದೆಯ ಮೇಲಿನ ಪುಟ್ಟ ಯಂತ್ರವನ್ನು ಇನ್ನೊಬ್ಬರದರ ಹತ್ತಿರ ತಂದು ಅದು ಕೂಗುವುದನ್ನು ಕೇಳಿ ತಲೆಯಾಡಿಸುತ್ತಾರೆ. ಹಿಮಕುಸಿತದಡಿ ಸಿಕ್ಕಿದರೆ ಹೂತವರನ್ನು ಹುಡುಕುವ ಟ್ರಾನ್ಸೀವರ್ ಅದು. ಬೆನ್ನ ಚೀಲದಲ್ಲಿ ಮಡಚುವ ಸಲಿಕೆ, ಹಿಮ ಚುಚ್ಚಿ ನೋಡುವ ಉದ್ದನೆಯ ಸಲಾಕೆ. ಹೂತವರನ್ನು ಕಾಲು ಗಂಟೆಯೊಳಗೆ ಹೊರತೆಗೆಯಬೇಕು. ಅದು ದಾಟಿದರೆ ಬದುಕುವ ಆಸೆ ಬೇಗ ಕುಗ್ಗುತ್ತದೆ. ಹೊರಗಿನಿಂದ ಸಹಾಯ ಬರುವವರೆಗೆ ಕಾಯುವ ಹಾಗಿಲ್ಲ, ಜೊತೆಗಿದ್ದವರೇ ಅಗೆಯಬೇಕು.

ಯುರೋಪಿನ ಆಲ್ಪ್ಸ್‌ನಲ್ಲಾದರೆ ಇಳಿಜಾರುಗಳಿಗೆ ಹಸಿರು, ನೀಲಿ, ಕೆಂಪು, ಕಪ್ಪು ಎಂದು ಬಣ್ಣದ ಗುರುತಿರುತ್ತದೆ, ರಾತ್ರಿ ಯಂತ್ರ ಓಡಿಸಿ ಹಿಮವನ್ನು ಸಮ ಮಾಡಿರುತ್ತಾರೆ. ಅಫರ್ವತ್‌ನ ಬಹುಭಾಗಕ್ಕೆ ಅಂಥ ಗುರುತಿಲ್ಲ. ಗೊಂಡೊಲಾದ ಆಸುಪಾಸಿನ ಒಂದು ಭಾಗವನ್ನು ಸ್ಕೀ ಗಸ್ತಿನವರು ಕಾಯುತ್ತಾರೆ. ಅದರಾಚೆ ಬೆಟ್ಟ ಹೇಗಿದೆಯೋ ಹಾಗೆ. 30ರಿಂದ 45 ಡಿಗ್ರಿಯ ಓರೆಯಲ್ಲೇ ಹಿಮ ಹಲಗೆಯಂತೆ ಕಳಚಿ ಜಾರುವುದು ಹೆಚ್ಚು, ಸ್ಕೀ ಪಟುಗಳು ಬಯಸುವುದೂ ಅದೇ ಓರೆಯನ್ನು. 2023ರ ಫೆಬ್ರವರಿ 1ರಂದು ಇದೇ ಬೆಟ್ಟದಲ್ಲಿ ಹಿಮಕುಸಿತಕ್ಕೆ ಪೋಲೆಂಡಿನ ಇಬ್ಬರು ಸ್ಕೀ ಪಟುಗಳು ಸತ್ತರು. ಮರುವರ್ಷ ಫೆಬ್ರವರಿಯಲ್ಲಿ ರಷ್ಯಾದ ಒಬ್ಬರು. ಬಲ್ಲವರಿಗೇ ಹೀಗಾದರೆ, ನಾಲ್ಕು ದಿನ ಕಲಿತ ನಮ್ಮ ಹುಡುಗನನ್ನು ಇಲ್ಲಿಂದ ಇಳಿಯಬಿಡುವ ಮಾತೇ ಇಲ್ಲ. ಅವನು ತೊಟ್ಟಿಲಲ್ಲಿ ಬರಲಿ, ನಂಗಾ ಪರ್ಬತ್ ನೋಡಲಿ, ಅದೇ ತೊಟ್ಟಿಲಲ್ಲಿ ಇಳಿಯಲಿ. ಕಲಿಕೆ ಗಟ್ಟಿಯಾದರೆ ಕೊಂಗ್‌ಡೂರಿಯಿಂದ ಮರಗಳ ನಡುವಿನ ದಾರಿಯಲ್ಲಿ ಉಸ್ತಾದರ ಹಿಂದೆ ಕೆಳಗೆ ಬರಲಿ. ಅದರಲ್ಲೇ ಅವನಿಗೆ ಬೇಕಾದಷ್ಟು ಸಾಹಸವಿದೆ.

ತೊಟ್ಟಿಲಲ್ಲಿ ಇಳಿದು ಬಂದರೆ ಕೊಂಗ್‌ಡೂರಿಯ ಢಾಬಾದಲ್ಲಿ ಧಾರವಾಡದವರು ಮತ್ತೆ ಸಿಗುತ್ತಾರೆ. ರಾಜ್ಮಾ ಚಾವಲ್, ಆವಿಯಾಡುವ ಕಹ್ವಾ. ಯಜಮಾನರು ಬೆಂಚಿನ ಮೇಲೆ ಜಾಗ ಮಾಡಿಕೊಡುತ್ತಾರೆ.

"ಔಲಿ ಇಳಿಜಾರ ಭಾಳ ಛಂದ ಐತ್ರೀ. ಉದ್ದಕ, ಅಗಲ, ಕಣ್ಣ ಮುಂದ ನಂದಾದೇವಿ. ಕಲಿಯಾಕ ಒಳ್ಳೇ ಜಾಗ. ಆದ್ರ ಹೃಷಿಕೇಶದಿಂದ ಇಡೀ ದಿನದ ದಾರಿ. ಇವ್ರಿಗೆ ತಿರುವು ತಿರುವಿಗೆ ವಾಂತಿ."

"ಅಲ್ಲಿ ಹಿಮಾನೂ ಕಮ್ಮಿ ಇತ್ರೀ ಆ ವಾರ," ಎಂದು ಅವರ ಮನೆಯವರು ಸೇರಿಸುತ್ತಾರೆ. "ಮೇಲ ಬೆಳ್ಳಗ, ಕೆಳಗ ಹುಲ್ಲು."

ಅವರ ಮಾತು ನಿಜ. ಔಲಿಯ ಇಳಿಜಾರು 2,500ರಿಂದ 3,050 ಮೀಟರ್ ನಡುವೆ ಇದೆ. ಗಡ್ವಾಲ್ ಮಂಡಲ ವಿಕಾಸ ನಿಗಮದ ಒಂದು ವಾರದ ಮತ್ತು ಎರಡು ವಾರದ ಕೋರ್ಸುಗಳಿಗೆ ಒಳ್ಳೆಯ ಹೆಸರಿದೆ. ಹಿಮ ತಯಾರಿಸುವ ಯಂತ್ರಗಳನ್ನು ತಂದಿಟ್ಟರೂ ಹಿಮ ಸಾಲದೆ ಸ್ಪರ್ಧೆಗಳು ನಿಂತದ್ದುಂಟು. 2023ರ ಜನವರಿಯಲ್ಲಿ ಜೋಶಿಮಠದ ನೆಲ ಕುಸಿದು ಮನೆಗಳು ಬಿರುಕುಬಿಟ್ಟಾಗ ಅಲ್ಲಿಂದ ಔಲಿಗೆ ಹೋಗುವ ರೋಪ್‌ವೇ ನಿಂತಿತು. ಒಂದು ಊರು ತನ್ನ ಕಾಲಡಿಯ ನೆಲವನ್ನೇ ನಂಬಲಾರದ ಸ್ಥಿತಿಗೆ ಬಂದಿರುವಾಗ ಅಲ್ಲಿಗೆ ರಜೆಗೆ ಹೋಗುವುದನ್ನು ಎರಡು ಸಲ ಯೋಚಿಸಬೇಕು ಎಂಬುದು ನನ್ನ ಅನಿಸಿಕೆ. ಸೋಲಂಗ್ ಮನಾಲಿಗೆ ಹತ್ತಿರ, ಊಟ ವಸತಿ ಸುಲಭ. ಇಳಿಜಾರು ಚಿಕ್ಕದು, ಜನ ಜಾಸ್ತಿ, ಟ್ಯೂಬು, ಹಿಮದ ಸ್ಕೂಟರುಗಳ ನಡುವೆ ಕಲಿಯುವವನಿಗೆ ಜಾಗ ಸಿಕ್ಕುವುದು ಕಷ್ಟ. ಒಂದು ದಿನ ಆಡಿ ನೋಡುತ್ತೇವೆ, ಉಳಿದ ದಿನ ಅಟಲ್ ಸುರಂಗ ದಾಟಿ ಸಿಸ್ಸುವಿಗೆ ಹೋಗುತ್ತೇವೆ ಎನ್ನುವವರಿಗೆ ಅದು ಸರಿ. ನಾರ್ಕಂಡ ಇನ್ನೂ ಚಿಕ್ಕದು.

ಹಿಮದ ಮಾತು ಗುಲ್ಮಾರ್ಗಕ್ಕೂ ತಪ್ಪಿದ್ದಲ್ಲ. ಉಸ್ತಾದ್ ನಿಮ್ಮ ಬೆಂಚಿಗೇ ಬಂದು ಕೂತು, ತಮ್ಮ ನೂನ್ ಚಾಯ್ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಹೇಳುತ್ತಾರೆ. 2024ರ ಜನವರಿಯಲ್ಲಿ ಗುಲ್ಮಾರ್ಗದ ಮೈದಾನ ಒಣ ಹುಲ್ಲಿನ ಕಂದು ಬಣ್ಣದಲ್ಲಿತ್ತು. ಚಿಲ್ಲಯ್ ಕಲಾನ್ ಎಂದು ಇವರು ಕರೆಯುವ, ಡಿಸೆಂಬರ್ 21ರಿಂದ ನಲವತ್ತು ದಿನಗಳ ಕಡುಚಳಿ ಹೆಚ್ಚುಕಡಿಮೆ ಹಿಮವಿಲ್ಲದೆ ಕಳೆಯಿತು. ಬುಕಿಂಗ್ ರದ್ದಾದವು, ಹುಡುಗರು ಕೆಲಸ ಹುಡುಕಿಕೊಂಡು ಕೆಳಗಿಳಿದರು. ತಿಂಗಳ ಕೊನೆಗೆ ಹಿಮ ಬಂತು. 2025ರಲ್ಲಿ ಹಿಮ ಸಾಲದೆ ಖೇಲೊ ಇಂಡಿಯಾ ಕೂಟವನ್ನೇ ಫೆಬ್ರವರಿಯಿಂದ ಮಾರ್ಚಿಗೆ ಮುಂದೂಡಬೇಕಾಯಿತು. ಮೆಡಿಟರೇನಿಯನ್ ಕಡೆಯಿಂದ ಬರುವ ಪಶ್ಚಿಮದ ಮಾರುತಗಳ ಅಲೆ ಪೀರ್ ಪಂಜಾಲ್ ಬೆಟ್ಟಸಾಲಿಗೆ ಬಡಿದರೆ ಇಲ್ಲಿ ಹಿಮ, ಇಲ್ಲದಿದ್ದರೆ ಇಲ್ಲ. ನಮ್ಮ ಮಲೆನಾಡಿನವರು ಮುಂಗಾರಿಗೆ ಆಕಾಶ ನೋಡುವ ಆತಂಕವೇ ಉಸ್ತಾದರ ಮುಖದಲ್ಲಿತ್ತು. ಆ ಆತಂಕದ ಪಾಲು ನಿಮ್ಮ ಟಿಕೆಟ್ಟಿನಲ್ಲೂ ಇರುತ್ತದೆ. ದಿನಾಂಕ ಬದಲಾಯಿಸಬಹುದಾದ ಟಿಕೆಟ್ಟಿಗೆ ಸ್ವಲ್ಪ ಹೆಚ್ಚು ಕೊಡುವುದು ಈ ಪ್ರವಾಸದಲ್ಲಿ ದುಂದಲ್ಲ.

ಇನ್ನೊಂದು ಮಾತನ್ನು ಧಾರವಾಡದ ಯಜಮಾನರು ದನಿ ತಗ್ಗಿಸಿ ಕೇಳುತ್ತಾರೆ, ಮಗ ಆಚೆ ಹೋದ ಮೇಲೆ. "ಮನ್ಯಾಗ ಹೆದರಲಿಲ್ಲೇನ್ರೀ?" 2025ರ ಏಪ್ರಿಲ್ 22ರಂದು ಪಹಲ್ಗಾಮಿನ ಬೈಸರನ್ ಹುಲ್ಲುಗಾವಲಿನಲ್ಲಿ ಭಯೋತ್ಪಾದಕರು 26 ಜನರನ್ನು ಗುಂಡಿಕ್ಕಿ ಕೊಂದರು. ಅವರಲ್ಲಿ ನಮ್ಮ ಶಿವಮೊಗ್ಗದವರೂ ಬೆಂಗಳೂರಿನವರೂ ಇದ್ದರು. ಪ್ರವಾಸಿಗರನ್ನು ಉಳಿಸಲು ಹೋಗಿ ಪ್ರಾಣ ಬಿಟ್ಟ ಸ್ಥಳೀಯ ಕುದುರೆಯವನೂ ಇದ್ದ. ಆ ಪ್ರಶ್ನೆಯನ್ನು ಬದಿಗಿಟ್ಟು ಕಾಶ್ಮೀರವನ್ನು ಆರಿಸಲು ಆಗುವುದಿಲ್ಲ, ಆಗಲೂಬಾರದು. ಹೊರಡುವ ಮುನ್ನ ಆ ವಾರದ ಸರ್ಕಾರಿ ಸೂಚನೆ ನೋಡಿ, ಮನೆಯ ಹಿರಿಯರನ್ನು ಕೇಳಿ, ಒಬ್ಬರಿಗೆ ಒಪ್ಪದಿದ್ದರೂ ಔಲಿಗೋ ಮನಾಲಿಗೋ ಹೋಗಿ. ಹೆದರಿಕೆ ಇಟ್ಟುಕೊಂಡು ರಜೆ ಕಳೆಯಬೇಕೆಂದು ಯಾರನ್ನೂ ಒತ್ತಾಯಿಸುವ ಹಾಗಿಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ, ಬೂಟಿನ ಬಕಲ್ ಹಾಕಿದ ಆ ಹುಡುಗನೂ ಎದುರಿಗೆ ಹಿಂದುಹಿಂದಕ್ಕೆ ಜಾರಿದ ಉಸ್ತಾದರೂ ನನ್ನನ್ನು ಮತ್ತೆ ಇಲ್ಲಿಗೇ ಕರೆತರುತ್ತಾರೆ.

ಊಟ ಮುಗಿಸಿ ಏಳುವಾಗ ಯಜಮಾನರು ಬೆಳಗಿನ ಪ್ರಶ್ನೆಗೆ ಉತ್ತರ ಕೊಡುತ್ತಾರೆ. "ನಮ್ಮ ಹುಡುಗಗ ಔಲಿ ಕಲಿಸಿತು, ಇದು ರೂಢಿ ಮಾಡಸ್ತೈತಿ. ಹೊಸದಾಗಿ ಬರೋರು ಇಲ್ಲೇ ಬರ್ರಿ, ಒಂದೇ ಕಡೆ ಎರಡೂ ಆಗ್ತಾವ."

ಸಂಜೆ ಐದಕ್ಕೆ ಬಿಸಿಲು ಬೆಟ್ಟದ ಹಿಂದೆ ಹೋದ ಕ್ಷಣ ಚಳಿ ಮೈಮೇಲೆ ಬೀಳುತ್ತದೆ. ಹೋಟೆಲಿನ ಕೋಣೆಯಲ್ಲಿ ಬುಖಾರಿಗೆ ಸೌದೆ ತುಂಬಿದ್ದಾರೆ. ತೊಡೆಗಳು ಮರಗಟ್ಟಿವೆ, ಮಂಚದಿಂದ ಏಳುವುದೇ ಒಂದು ಕೆಲಸ. ಫೋನು ಬಡಿದುಕೊಳ್ಳುತ್ತದೆ. ಪುಣ್ಯಕ್ಕೆ ನಿಮ್ಮದು ಪೋಸ್ಟ್‌ಪೇಯ್ಡ್. ಹೊರರಾಜ್ಯದ ಪ್ರೀಪೇಯ್ಡ್ ಸಿಮ್ ಇಲ್ಲಿ ನಡೆಯುವುದಿಲ್ಲ.

"ಯಾವುದು ಬುಕ್ ಮಾಡ್ಲಿ, ಹೇಳು," ಎನ್ನುತ್ತಾಳೆ ಅಕ್ಕ. "ಕ್ರಿಸ್ಮಸ್ ರಜಕ್ಕೆ ನೋಡಿದೀನಿ."

"ಗುಲ್ಮಾರ್ಗ. ಆದ್ರೆ ಕ್ರಿಸ್ಮಸ್‌ಗೆ ಬೇಡಕ್ಕ. ಡಿಸೆಂಬರ್‌ನಲ್ಲಿ ಹಿಮ ಬಿದ್ದಿರುತ್ತೆ ಅಂತ ನಂಬೋಕಾಗಲ್ಲ, ರೂಮಿಗೆ ದುಡ್ಡೂ ಜಾಸ್ತಿ. ಫೆಬ್ರವರಿ ಎರಡನೇ ವಾರ. ಸ್ಕೂಲಿಗೆ ಒಂದು ವಾರ ರಜ ಹಾಕ್ಸು, ಮಾರ್ಚಲ್ಲಿ ಪರೀಕ್ಷೆ ಶುರುವಾಗೋ ಮೊದಲು ವಾಪಸ್ ಬಂದುಬಿಡಬಹುದು."

"ಒಂದು ವಾರ ಯಾಕೆ? ಮೂರು ದಿನ ಸಾಕಲ್ವಾ?"

"ಮೊದಲ ದಿನ ಬೀಳೋದ್ರಲ್ಲೇ ಹೋಗುತ್ತೆ. ಎರಡನೇ ದಿನ ಮೈಕೈ ನೋವು. ಮಕ್ಕಳಿಗೆ ಖುಷಿ ಶುರುವಾಗೋದು ಮೂರನೇ ದಿನಕ್ಕೆ. ಹೊರಡೋ ಹೊತ್ತಿಗೆ ಖುಷಿ ಬಂದ್ರೆ ಏನು ಪ್ರಯೋಜನ? ಮೊದಲು ಕಲಿಸೋರನ್ನ ಗೊತ್ತು ಮಾಡು, ನಂಬರ್ ಕಳಿಸ್ತೀನಿ. ಅವರಿಗೆ ಬಿಡುವಿರೋ ದಿನ ನೋಡ್ಕೊಂಡು ಆಮೇಲೆ ಹೋಟೆಲು. ಮೈದಾನದ ಅಂಚಲ್ಲೇ ಇರೋದು ತಗೋ. ಅಪ್ಪ ಬಿಸಿಲಲ್ಲಿ ಕುರ್ಚಿ ಹಾಕ್ಕೊಂಡು ಮೊಮ್ಮಕ್ಕಳು ಇಳಿಯೋದು ನೋಡಬಹುದು. ಅವರು ಮೊದಲನೇ ಹಂತದ ತನಕ ಗೊಂಡೊಲಾದಲ್ಲಿ ಬರಲಿ, ಎರಡನೇದು ಬೇಡ. ಆ ಎತ್ತರ ಅವರಿಗೆ ಆಗಲ್ಲ."

ಆ ಕಡೆ ಅಪ್ಪನ ದನಿ. ಅಕ್ಕ ಫೋನು ದೂರ ಹಿಡಿದು ಕೇಳಿಸಿಕೊಂಡು ಬರುತ್ತಾಳೆ. "ಅಲ್ಲಿ ಅನ್ನ ಸಿಗುತ್ತಾ ಅಂತ ಕೇಳ್ತಿದಾರೆ."

ಕಾಶ್ಮೀರಿಗಳು ನಮ್ಮ ಹಾಗೆಯೇ ಎರಡು ಹೊತ್ತೂ ಅನ್ನ ಉಣ್ಣುವವರು ಎಂದು ಹೇಳುತ್ತೀರಿ. ಹುಳಿ ಪುಡಿ ಮತ್ತು ಉಪ್ಪಿನಕಾಯಿ ಮಾತ್ರ ಮೈಸೂರಿನಿಂದಲೇ ಬರಲಿ.